ಮಡಿಯೂ ಮಡಿಕೆಯೂ

ಕನ್ನಡದ 'ಮಡಿ' ಎಂಬ ಪುಟ್ಟ ಮಾತು ಬಲು ಅರ್ಥಗಳನ್ನು ಹೊತ್ತುಕೊಂಡಿದೆ. ಮಿಂದು, ಒಗೆದ ಬಟ್ಟೆ ಉಟ್ಟು, ಯಾರನ್ನೂ ಮುಟ್ಟದೆ ಇರುವುದು ಮಡಿ. ಬಟ್ಟೆಯನ್ನೋ ಕಾಗದವನ್ನೋ ಪದರದ ಮೇಲೆ ಪದರವಾಗಿ ಮಡಿಸಿದಾಗ ಬೀಳುವುದೂ ಮಡಿಯೇ. ಮಡಿಕೆ ಎಂದರೂ ಅದೇ. ಮೊದಲನೆಯದು ನಮ್ಮ ಅಜ್ಜಿಯರ ಆರೋಗ್ಯಶಾಸ್ತ್ರ. ಎರಡನೆಯದು ಮೊಮ್ಮಕ್ಕಳ ಆಟ. ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ ಎಂದು ವಾಚಕರು ಕೇಳಬಹುದು. ಸಂಬಂಧ ಉಂಟು. ಶಾಲೆಯ ಮಕ್ಕಳಿಗೆ ಆರೋಗ್ಯದ ಪಾಠ ಹೇಳಲು ಕಾಗದದ ಮಡಿಕೆಯನ್ನು ಬಳಸಿಕೊಂಡ ಕಥೆಯೊಂದಿದೆ. ಅದು ನಡೆದದ್ದು ಬಹುಮಟ್ಟಿಗೆ ಬೇರೆ ದೇಶದಲ್ಲಿ; ಆದರೆ ಅದರಿಂದ ಏಳುವ ಪ್ರಶ್ನೆ ಮಾತ್ರ ನಮ್ಮದೇ.

ಆರೋಗ್ಯದ ಪಾಠ ಎಂದರೆ ನಮ್ಮಲ್ಲಿ ಹೆಚ್ಚಿನವರ ನೆನಪಿಗೆ ಬರುವುದು ಬಾಯಿಪಾಠ. ಊಟಕ್ಕೆ ಮುಂಚೆ ಕೈ ತೊಳೆಯಬೇಕು, ಕಂಡಕಂಡಲ್ಲಿ ಉಗುಳಬಾರದು, ಉಗುರು ಬೆಳೆಸಬಾರದು. ಇವನ್ನು ಹಲಗೆಯ ಮೇಲೆ ಬರೆದವರೂ ಹತ್ತು ಸಲ ಕಾಪಿ ತೆಗೆದವರೂ ಗಂಟೆ ಹೊಡೆದ ಕೂಡಲೆ ಹೋಗಿ, ಕೈ ತೊಳೆಯದೆಯೇ ಬುತ್ತಿ ಬಿಚ್ಚುತ್ತಿದ್ದುದನ್ನು ನಾನು ಕಂಡಿದ್ದೇನೆ. ಮಾತು ಕಿವಿಗೆ ಬಿದ್ದಿತ್ತು, ಕೈಗೆ ಇಳಿದಿರಲಿಲ್ಲ. ಕಿವಿಯಿಂದ ಕೈಗೆ ಇರುವ ದಾರಿ ಒಂದು ಮೊಳಕ್ಕಿಂತ ಹೆಚ್ಚಿಲ್ಲ. ಆದರೂ ಉಪಾಧ್ಯಾಯರಿಗೆ ಅದರಷ್ಟು ದೂರದ ದಾರಿ ಇನ್ನೊಂದಿಲ್ಲ.

ಮಡಿಸುವುದಕ್ಕೂ ಆರೋಗ್ಯಕ್ಕೂ ಇರುವ ನಂಟು ನಮ್ಮ ಮನೆಗಳಲ್ಲಿ ಹೊಸದೇನೂ ಅಲ್ಲ. ಬಾಳೆಯ ಎಲೆಯನ್ನೋ ಮುತ್ತುಗದ ಎಲೆಯನ್ನೋ ಮಡಿಸಿ, ಕಡ್ಡಿ ಚುಚ್ಚಿ ಮಾಡಿದ ದೊನ್ನೆ, ಒಬ್ಬನು ಒಂದು ಸಲ ಬಳಸಿ ಎಸೆಯುವ ಪಾತ್ರೆಯಲ್ಲದೆ ಮತ್ತೇನು? ನಾನು ಚಿಕ್ಕವನಾಗಿದ್ದಾಗ ಆಸ್ಪತ್ರೆಯ ಕಾಂಪೌಂಡರು ಔಷಧದ ಪುಡಿಯನ್ನು ಚಿಕ್ಕ ಕಾಗದಗಳ ಮೇಲೆ ಹಂಚಿ, ಎರಡು ಬದಿ ಒಳಕ್ಕೆ, ಎರಡು ತುದಿ ಒಂದರೊಳಗೊಂದು ಎಂದು ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪೊಟ್ಟಣ ಕಟ್ಟುತ್ತಿದ್ದರು. ಹೊತ್ತಿಗೆ ಒಂದು ಪೊಟ್ಟಣ. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಓದುಬರಹ ಬಾರದ ರೋಗಿಗೂ ಔಷಧದ ಪ್ರಮಾಣವನ್ನು ತಿಳಿಸಿಕೊಡುತ್ತಿದ್ದುದು ಆ ಮಡಿಕೆಯೇ.

ಆದರೆ ಮಡಿಸುವುದನ್ನೇ ಒಂದು ಶಿಕ್ಷಣಕ್ರಮವೆಂದು ಶಾಲೆಯೊಳಕ್ಕೆ ತಂದ ಕೀರ್ತಿ ಬಹುಮಟ್ಟಿಗೆ ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲನಿಗೆ ಸಲ್ಲಬೇಕು. 1782ರಲ್ಲಿ ತುರಿಂಗಿಯ ಪ್ರಾಂತದಲ್ಲಿ ಹುಟ್ಟಿದ ಈತ, 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಎಳೆಯ ಮಕ್ಕಳ ಆಟಪಾಠಕ್ಕಾಗಿ ಒಂದು ಸಂಸ್ಥೆಯನ್ನು ತೆರೆದ. 1840ರಲ್ಲಿ ಅದಕ್ಕೆ 'ಕಿಂಡರ್‌ಗಾರ್ಟನ್' ಎಂದು ಹೆಸರಿಟ್ಟ. ಮಕ್ಕಳ ತೋಟ ಎಂದರ್ಥ. ಉಣ್ಣೆಯ ಚೆಂಡು, ಮರದ ಗೋಳ, ಘನ, ಇಟ್ಟಿಗೆಗಳು, ಕಡ್ಡಿಗಳು, ಇವುಗಳ ಜೊತೆಗೆ ಕಾಗದ ಮಡಿಸುವುದೂ ಅವನ ಕ್ರಮದಲ್ಲಿ ಸೇರಿತ್ತು. ಮಡಿಕೆಗಳಲ್ಲಿ ಅವನು ಮೂರು ಬಗೆ ಕಂಡ. ದೋಣಿ, ಮನೆ, ಹಕ್ಕಿಯಂಥವು ಜೀವನದ ರೂಪಗಳು. ಚೌಕ ತ್ರಿಕೋನಗಳು ಜ್ಞಾನದ ರೂಪಗಳು. ಹೂವು ನಕ್ಷತ್ರಗಳು ಸೌಂದರ್ಯದ ರೂಪಗಳು. ಮಗುವಿನ ಬುದ್ಧಿ ಬೆರಳ ತುದಿಯಿಂದ ಬೆಳೆಯುತ್ತದೆ ಎಂಬುದು ಅವನ ನಂಬಿಕೆಯ ಸಾರ.

ಇಷ್ಟು ಸಾಧುವಾದ ಮಾತನ್ನೂ ಸರ್ಕಾರಗಳು ಅನುಮಾನದಿಂದ ನೋಡಬಲ್ಲವು. 1851ರಲ್ಲಿ ಪ್ರಷ್ಯಾ ಸರ್ಕಾರ ಕಿಂಡರ್‌ಗಾರ್ಟನ್ನುಗಳನ್ನು ನಿಷೇಧಿಸಿತು. ಮರುವರ್ಷ ಫ್ರೋಬೆಲ್ ತೀರಿಕೊಂಡ. ನಿಷೇಧ ರದ್ದಾದದ್ದು 1860ರಲ್ಲಿ. ಅಷ್ಟರಲ್ಲಿ ಅವನ ಶಿಷ್ಯೆಯರು ಹೊರದೇಶಗಳಲ್ಲಿ ಬೀಜ ಬಿತ್ತಿಯಾಗಿತ್ತು. ಅಮೆರಿಕದಲ್ಲಿ ಅದು ಬೇಗ ಬೇರು ಬಿಟ್ಟಿತು. 1876ರಲ್ಲಿ ತೋಕಿಯೋ ನಗರದಲ್ಲಿ ಕಿಂಡರ್‌ಗಾರ್ಟನ್ ತೆರೆದಾಗ, ಜರ್ಮನಿಯ ಮಡಿಕೆ ಜಪಾನಿನ ಹಳೆಯ ಒರಿಗಾಮಿಯನ್ನು ಭೇಟಿಯಾಯಿತು.

ನಮ್ಮ ದೇಶಕ್ಕೂ ಈ ಬೀಜ ಹಾರಿಬಂತು. ಮದರಾಸು ಪ್ರಾಂತದಲ್ಲಿ ಸರ್ಕಾರಿ ನೌಕರಿಯಲ್ಲಿದ್ದ ಟಿ. ಸುಂದರರಾಯರ ಕೈಗೆ ಕಿಂಡರ್‌ಗಾರ್ಟನ್ನಿನ ಬಣ್ಣದ ಕಾಗದಗಳ ಪೆಟ್ಟಿಗೆಯೊಂದು ಸಿಕ್ಕಿತು. ಬೇರೆಯವರಾಗಿದ್ದರೆ ಮಕ್ಕಳಿಗೆ ಕೊಟ್ಟು ಸುಮ್ಮನಾಗುತ್ತಿದ್ದರು. ಅವರು ಅದನ್ನು ಮುಂದಿಟ್ಟುಕೊಂಡು, ಅಳತೆಗೋಲು ಕೈವಾರಗಳ ಹಂಗಿಲ್ಲದೆ ಮಡಿಸುತ್ತಲೇ ರೇಖಾಗಣಿತವನ್ನು ಕಟ್ಟುತ್ತ ಹೋದರು. 1893ರಲ್ಲಿ ಮದರಾಸಿನಲ್ಲಿ ಅಚ್ಚಾದ ಆ ಇಂಗ್ಲಿಷ್ ಪುಸ್ತಕ ಜರ್ಮನಿಯ ದೊಡ್ಡ ಗಣಿತಜ್ಞ ಫೆಲಿಕ್ಸ್ ಕ್ಲೈನನ ಕಣ್ಣಿಗೆ ಬಿತ್ತು. 1901ರಲ್ಲಿ ಶಿಕಾಗೋದಲ್ಲಿ ಮರುಮುದ್ರಣವಾಯಿತು. ಮಕ್ಕಳ ಆಟದ ಕಾಗದ ಹೀಗೆ ಗಣಿತದ ಪಂಡಿತರ ಮೇಜನ್ನು ಸೇರಿತು. ಆರೋಗ್ಯದ ಪಾಠಕ್ಕೆ ಅದು ಬಂದದ್ದು ಇನ್ನೂ ಕೆಲವು ವರ್ಷಗಳ ಮೇಲೆ, ಅಮೆರಿಕದಲ್ಲಿ, ಒಂದು ತಗಡಿನ ಲೋಟದ ನಿಮಿತ್ತವಾಗಿ.

ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದ ಯಾವ ಹಳ್ಳಿಶಾಲೆಗೆ ಹೋದರೂ ಮೂಲೆಯಲ್ಲಿ ಒಂದು ನೀರಿನ ಬಕೆಟ್ಟು, ಅದಕ್ಕೊಂದು ತಗಡಿನ ಲೋಟ ಕಾಣುತ್ತಿದ್ದವು. ರೈಲುಗಾಡಿಯಲ್ಲಿ, ನಿಲ್ದಾಣದಲ್ಲಿ, ಊರ ಬೀದಿಯ ಕೊಳಾಯಿಯ ಬಳಿ ಅಂಥದೇ ಲೋಟ ಸರಪಳಿಯಲ್ಲಿ ತೂಗುತ್ತಿತ್ತು. ಯಾರು ಬಂದರೂ ಅದರಲ್ಲೇ ಕುಡಿಯಬೇಕು. ಅದಕ್ಕೇ ಬಾಯಿ ಹಚ್ಚಬೇಕು. ಕುಡಿದವನು ಲೋಟವನ್ನು ಹಾಗೆಯೇ ಬಿಟ್ಟು ಹೋಗುತ್ತಿದ್ದ. ನಮ್ಮ ಅಜ್ಜಿಯರು ಕಂಡಿದ್ದರೆ 'ಎಂಜಲು' ಎಂಬ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಿದ್ದರು. ಇಂಗ್ಲಿಷಿನಲ್ಲಿ ಆ ಮಾತಿಗೆ ಸರಿಸಾಟಿಯಾದ ಇನ್ನೊಂದು ಮಾತಿಲ್ಲ. ಮಾತು ಇಲ್ಲದವರು ಸೂಕ್ಷ್ಮದರ್ಶಕದಿಂದ ಕಲಿಯಬೇಕಾಯಿತು.

ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಕಂಡುಹಿಡಿದು ಪ್ರಕಟಿಸಿದ್ದು 1882ರಲ್ಲಿ. ಕ್ಷಯ ವಂಶದ ಶಾಪವಲ್ಲ, ಒಬ್ಬರಿಂದ ಒಬ್ಬರಿಗೆ ಹರಡುವ ರೋಗ ಎಂಬುದು ವಿದ್ವಾಂಸರಿಗೆ ಗೊತ್ತಾಯಿತು. ಆದರೆ ವಿದ್ವಾಂಸರಿಗೆ ಗೊತ್ತಾದದ್ದು ಬಕೆಟ್ಟಿನ ಬಳಿಗೆ ಬರಲು ಕಾಲು ಶತಮಾನ ಹಿಡಿಯಿತು. 1908ರಲ್ಲಿ ಪೆನ್ಸಿಲ್ವೇನಿಯದ ಲಾಫಯೆಟ್ ಕಾಲೇಜಿನ ಜೀವಶಾಸ್ತ್ರದ ಪ್ರಾಧ್ಯಾಪಕ ಆಲ್ವಿನ್ ಡೇವಿಸನ್ ಒಂದು ಶಾಲೆಯ ಲೋಟವನ್ನು ತಂದು ಸೂಕ್ಷ್ಮದರ್ಶಕದ ಕೆಳಗಿಟ್ಟ. ಕುಡಿದವರ ಬಾಯಿಂದ ಸವೆದ ಚರ್ಮದ ಚೂರುಗಳೂ ಲೆಕ್ಕವಿಲ್ಲದಷ್ಟು ರೋಗಾಣುಗಳೂ ಅದರ ಅಂಚಿಗೆ ಹತ್ತಿಕೊಂಡಿದ್ದವು. ಶಾಲೆಯ ಲೋಟದಲ್ಲಿ ಸಾವಿದೆ ಎಂದು ಅವನು ಪತ್ರಿಕೆಯಲ್ಲಿ ಬರೆದ ಲೇಖನ ತಾಯಂದಿರ ನಿದ್ದೆಗೆಡಿಸಿತು.

ಇದೇ ಹೊತ್ತಿಗೆ ಕ್ಯಾನ್ಸಾಸ್ ಸಂಸ್ಥಾನದಲ್ಲಿ ಸ್ಯಾಮ್ಯುಯಲ್ ಕ್ರಂಬೈನ್ ಎಂಬ ವೈದ್ಯ ಆರೋಗ್ಯ ಮಂಡಲಿಯ ಕಾರ್ಯದರ್ಶಿಯಾಗಿದ್ದ. ದನಗಾಹಿಗಳ ಒರಟು ಊರಾದ ಡಾಜ್ ಸಿಟಿಯಲ್ಲಿ ವೈದ್ಯಕೀಯ ನಡೆಸಿ ಬಂದವನು. ಜನಕ್ಕೆ ಹೇಳಬೇಕಾದುದನ್ನು ನಾಲ್ಕು ಮಾತಿನಲ್ಲಿ ಹೇಳಬಲ್ಲವನು. ಇಟ್ಟಿಗೆಗಳ ಮೇಲೆ 'ಕಾಲುದಾರಿಯಲ್ಲಿ ಉಗುಳಬೇಡಿ' ಎಂದು ಅಚ್ಚೊತ್ತಿಸಿ, ಅವನ್ನೇ ಕಾಲುದಾರಿಗೆ ಹಾಸಿಸಿದ ಪುಣ್ಯಾತ್ಮ ಇವನೇ. ಒಮ್ಮೆ ರೈಲಿನಲ್ಲಿ ಹೋಗುವಾಗ ಕ್ಷಯರೋಗಿಗಳು ಸಾಮಾನ್ಯ ಲೋಟದಲ್ಲಿ ನೀರು ಕುಡಿದುದನ್ನೂ, ಅವರ ಹಿಂದೆಯೇ ಒಂದು ಪುಟ್ಟ ಹುಡುಗಿ ಅದೇ ಲೋಟಕ್ಕೆ ಬಾಯಿ ಹಚ್ಚಿದುದನ್ನೂ ಕಂಡನಂತೆ. 1909ರಲ್ಲಿ ಕ್ಯಾನ್ಸಾಸ್ ಸಂಸ್ಥಾನ ಸಾಮಾನ್ಯ ಲೋಟವನ್ನು ನಿಷೇಧಿಸಿತು. ಅಮೆರಿಕದಲ್ಲಿ ಇಂಥ ಕಟ್ಟಳೆ ಅದೇ ಮೊದಲು. ಒಂದರ ಹಿಂದೊಂದು ಸಂಸ್ಥಾನಗಳು ಅದೇ ದಾರಿ ಹಿಡಿದವು.

ಲೋಟವನ್ನು ತೆಗೆದದ್ದಾಯಿತು, ನೀರು ಕುಡಿಯುವುದು ಹೇಗೆ? ಬಾಯಿ ಹಚ್ಚದೆ ಎತ್ತಿ ಕುಡಿಯುವ ವಿದ್ಯೆ ಆ ಜನಕ್ಕೆ ತಿಳಿಯದು. ಲಾರೆನ್ಸ್ ಲುವೆಲೆನ್ ಎಂಬ ಬಾಸ್ಟನ್ನಿನ ವಕೀಲ ಒಂದು ಸಲ ಬಳಸಿ ಎಸೆಯುವ ಕಾಗದದ ಲೋಟವನ್ನು ಆಗಲೇ ರೂಪಿಸಿದ್ದ. ಹ್ಯೂ ಮೂರ್ ಎಂಬ ತರುಣ ಅವನ ಜೊತೆಗೂಡಿ ಅದನ್ನು ವ್ಯಾಪಾರವಾಗಿ ಬೆಳೆಸಿದ. ಮೊದಮೊದಲು ಮಾರುತ್ತಿದ್ದುದು ಲೋಟವನ್ನಲ್ಲ, ನೀರನ್ನು: ಯಂತ್ರಕ್ಕೆ ಒಂದು ಸೆಂಟ್ ಹಾಕಿದರೆ ತಣ್ಣನೆಯ ನೀರು, ಜೊತೆಗೊಂದು ಹೊಸ ಲೋಟ. ಕೆಲಕಾಲ ಅದಕ್ಕೆ 'ಆರೋಗ್ಯದ ಲೋಟ' ಎಂಬರ್ಥದ ಹೆಸರೇ ಇತ್ತು. 1919ರಲ್ಲಿ ಅದು 'ಡಿಕ್ಸಿ ಕಪ್' ಆಯಿತು. ಹಿಂದಿನ ವರ್ಷವಷ್ಟೆ ಇನ್‌ಫ್ಲುಯೆಂಜಾ ಮಹಾಮಾರಿ ಲೋಕವನ್ನೆಲ್ಲ ಬಡಿದು ಹೋಗಿತ್ತು. ಇನ್ನೊಬ್ಬರ ಎಂಜಲಿನ ಭಯವನ್ನು ಜಾಹೀರಾತು ಕೊಟ್ಟು ಹೇಳಬೇಕಾಗಿರಲಿಲ್ಲ.

ಆದರೆ ಬಡಹಳ್ಳಿಯ ಶಾಲೆಯಲ್ಲಿ ಮೂವತ್ತು ಮಕ್ಕಳಿಗೆ ದಿನಕ್ಕೆ ಮೂರು ಸಲ ಯಂತ್ರದ ಲೋಟ ಕೊಳ್ಳುವುದು ಸಾಧ್ಯವೆ? ಉಪಾಧ್ಯಾಯಿನಿಯರ ಬಳಿ ಫ್ರೋಬೆಲ್ ಬಿಟ್ಟುಹೋದ ಆಸ್ತಿ ಇತ್ತು: ಚೌಕದ ಹಾಳೆ, ಮಡಿಸಬಲ್ಲ ಕೈ. ಕೈಗೆಲಸದ ಪಾಠದಲ್ಲಿದ್ದ ಕಾಗದದ ಲೋಟ ಆರೋಗ್ಯದ ಪಾಠಕ್ಕೆ ಜಾರಿಬಂತು. ಮಕ್ಕಳು ತಮ್ಮ ಲೋಟವನ್ನು ತಾವೇ ಮಡಿಸಿಕೊಂಡು, ಕುಡಿದು, ಬುಟ್ಟಿಗೆ ಹಾಕತೊಡಗಿದರು.

ಆ ಮಡಿಕೆ ಇಂದಿಗೂ ಹಾಗೆಯೇ ಇದೆ. ಬೇಕಾದವರು ಮಾಡಿ ನೋಡಬಹುದು. ಒಂದು ಗೇಣು ಅಗಲದ ಚೌಕದ ಶುಭ್ರ ಹಾಳೆಯನ್ನು ಮೂಲೆಯಿಂದ ಮೂಲೆಗೆ ಮಡಿಸಿದರೆ ತ್ರಿಕೋನವಾಗುತ್ತದೆ. ಉದ್ದದ ಬದಿ ನಿಮ್ಮ ಕಡೆಗಿರಲಿ. ಬಲತುದಿಯನ್ನು ಎತ್ತಿ ಎಡಬದಿಯ ಓರೆ ಅಂಚಿಗೆ ತನ್ನಿ. ತಂದ ಮಡಿಕೆಯ ಮೇಲಂಚು ಕೆಳಗಿನ ಬದಿಗೆ ಸಮನಾಗಿ ಮಲಗಬೇಕು. ಎಡತುದಿಯನ್ನು ಹಾಗೆಯೇ ಬಲದ ಅಂಚಿಗೆ. ಮೇಲೆ ಉಳಿದ ಎರಡು ಕಿವಿಗಳಲ್ಲಿ ಒಂದನ್ನು ಮುಂದಕ್ಕೆ, ಒಂದನ್ನು ಹಿಂದಕ್ಕೆ ಮಡಿಸಿ, ಬಾಯನ್ನು ಬಿಡಿಸಿದರೆ ಲೋಟ. ಐದು ಮಡಿಕೆ, ಕತ್ತರಿಯಿಲ್ಲ, ಅಂಟಿಲ್ಲ. ಬಲತುದಿ ಎಡ ಅಂಚನ್ನು ಸರಿಯಾಗಿ ಎಲ್ಲಿ ಮುಟ್ಟಬೇಕೆಂಬುದನ್ನು ತಿಳಿಯಲು ಬಲಮೂಲೆಯ ಕೋನವನ್ನು ಎರಡು ಸಮಪಾಲು ಮಾಡಬೇಕು. ಸುಂದರರಾಯರ ಗಣಿತ ಹೀಗೆ ಬಾಯಾರಿದ ಮಕ್ಕಳ ಕೈಯಲ್ಲಿ ನೀರು ಹಿಡಿಯಿತು.

ಈ ಲೋಟ ಕೆಲವು ನಿಮಿಷ ಮಾತ್ರ ನೀರು ಹಿಡಿಯುತ್ತದೆ; ಆಮೇಲೆ ಮೆತ್ತಗಾಗಿ ಸೋರುತ್ತದೆ. ಅದೇ ಅದರ ಗುಣ ಎಂದು ನನಗೆ ತೋರುತ್ತದೆ. ಒಂದು ಲೋಟ ಒಬ್ಬನಿಗೆ, ಒಂದು ಸಲಕ್ಕೆ ಎಂಬ ನಿಯಮವನ್ನು ಉಪಾಧ್ಯಾಯರು ಕೂಗಿ ಹೇಳಬೇಕಾಗಿಲ್ಲ, ಕಾಗದವೇ ಹೇಳುತ್ತದೆ. ಅದನ್ನು ಮಡಿಸುವ ಮಗು, ರೋಗ ಹರಡುವುದು ಹೇಗೆ ಎಂಬುದನ್ನು ಕೇಳುವುದಷ್ಟೇ ಅಲ್ಲ, ಅದನ್ನು ತಡೆಯುವ ಸಾಧನವನ್ನೂ ತನ್ನ ಕೈಯಾರೆ ಮಾಡುತ್ತದೆ. 1937ರಲ್ಲಿ ವಾರ್ಧಾದಲ್ಲಿ ಗಾಂಧೀಜಿ ಮುಂದಿಟ್ಟ ಮೂಲಶಿಕ್ಷಣದ ಹಿಂದೆ ಇದ್ದುದೂ ಇಂಥದೇ ವಿಚಾರ: ಕೈಗೆಲಸ ಪಾಠದ ನಡುವಣ ವಿರಾಮವಲ್ಲ, ಪಾಠದ ಬಾಗಿಲು.

ಇಲ್ಲಿಗೆ ಕಥೆ ಮುಗಿದಿದ್ದರೆ ಮಂಗಳ ಹಾಡಿ ಏಳಬಹುದಾಗಿತ್ತು. ಆದರೆ ಎಂಜಲಿನ ಭಯಕ್ಕೆ ಇನ್ನೊಂದು ಮುಖವಿದೆ. ರೋಗಾಣುವಿಗೆ ಹೆದರುವ ಮನಸ್ಸು, ಕಣ್ಣಿಗೆ ಕಾಣದ ರೋಗಾಣುವನ್ನು ಬಿಟ್ಟು ಕಣ್ಣಿಗೆ ಕಾಣುವ ಮನುಷ್ಯನಿಗೆ ಹೆದರುವುದು ಬಲು ಸುಲಭ. ಸಾಮಾನ್ಯ ಲೋಟವನ್ನು ತೆಗೆದುಹಾಕಿದ ಅದೇ ಅಮೆರಿಕದ ದಕ್ಷಿಣ ಸಂಸ್ಥಾನಗಳಲ್ಲಿ ಬಿಳಿಯರಿಗೊಂದು, ಕರಿಯರಿಗೊಂದು ಎಂದು ಬೇರೆ ಬೇರೆ ಕುಡಿಯುವ ನೀರಿನ ಕೊಳಾಯಿಗಳು ದಶಕಗಟ್ಟಲೆ ನಿಂತಿದ್ದವು. 1964ರ ನಾಗರಿಕ ಹಕ್ಕುಗಳ ಕಾಯಿದೆ ಬರುವವರೆಗೆ ಕಾನೂನಿನ ಆಸರೆಯೂ ಅವಕ್ಕಿತ್ತು. ಎರಡು ಕೊಳಾಯಿಗೂ ನೀರು ಬರುತ್ತಿದ್ದುದು ಒಂದೇ ಕೊಳವೆಯಿಂದ.

ನಾವು ಮೂಗಿನ ಮೇಲೆ ಬೆರಳಿಡುವ ಅಗತ್ಯವಿಲ್ಲ. ಎಂಜಲು ಎಂಬ ಮಾತನ್ನು ಸೂಕ್ಷ್ಮದರ್ಶಕಕ್ಕಿಂತ ಮೊದಲೇ ಕಂಡುಕೊಂಡ ನಾವು, ಅದನ್ನು ಬಾಯಿಯ ಗುಣವೆಂದು ಬಗೆಯದೆ ಜಾತಿಯ ಗುಣವನ್ನಾಗಿ ಮಾಡಿಟ್ಟೆವು. ಬ್ರಿಟಿಷರ ಕಾಲದ ರೈಲುನಿಲ್ದಾಣಗಳಲ್ಲಿ ಹಿಂದೂ ನೀರು, ಮುಸಲ್ಮಾನ ನೀರು ಎಂದು ಬೇರೆ ಬೇರೆ ಇರುತ್ತಿತ್ತು. ಹಳ್ಳಿಯ ಹೋಟೆಲುಗಳಲ್ಲಿ ದಲಿತರಿಗೆಂದು ಬೇರೆ ಲೋಟಗಳು. ಕುಡಿದವರೇ ಅವನ್ನು ತೊಳೆದಿಡಬೇಕು. ಅಂಬೇಡ್ಕರರು ತಮ್ಮ ಬಾಲ್ಯವನ್ನು ಕುರಿತು ಬರೆದಿರುವುದನ್ನು ಓದಿದವರು ಬಲ್ಲರು: ಶಾಲೆಯಲ್ಲಿ ಬಾಯಾರಿದರೆ ಅವರು ನಲ್ಲಿಯನ್ನು ಮುಟ್ಟುವಂತಿರಲಿಲ್ಲ, ಜವಾನ ಬಂದು ತಿರುಗಿಸಬೇಕು. ಜವಾನ ಬಾರದ ದಿನ ನೀರೂ ಇಲ್ಲ. ಆ ಹುಡುಗ ಬೆಳೆದು 1927ರ ಮಾರ್ಚ್ 20ರಂದು ಮಹಾಡಿನ ಚವದಾರ ಕೆರೆಗೆ ಸಾವಿರಾರು ಜನರೊಡನೆ ನಡೆದು, ಬೊಗಸೆಯಲ್ಲಿ ನೀರೆತ್ತಿ ಕುಡಿದರು. ಅಲ್ಲಿ ಕಾಗದದ ಲೋಟವೂ ಇರಲಿಲ್ಲ. ಎರಡು ಅಂಗೈಗಳ ಮಡಿಕೆ ಇತ್ತು.

ಆದ್ದರಿಂದ ಆರೋಗ್ಯದ ಪಾಠ ಹೇಳುವ ಯಾರೇ ಆಗಲಿ ಒಂದು ತೆಳುವಾದ ಗೆರೆಯ ಮೇಲೆ ನಡೆಯಬೇಕು. 'ನಿನ್ನ ಲೋಟ ನಿನಗೆ' ಎಂಬುದು ಆರೋಗ್ಯ. 'ಅವನ ಲೋಟ ಕೊಳಕು' ಎಂಬುದು ಬೇರೆಯೇ ರೋಗ. ಎರಡು ಮಾತಿಗೂ ನಡುವೆ ಕಾಗದದಷ್ಟೇ ಅಂತರ.

ಈ ಗೆರೆಯ ಮೇಲೆ ಲೀಲಾಜಾಲವಾಗಿ ನಡೆದ ಒಬ್ಬ ಉಪಾಧ್ಯಾಯಿನಿಯನ್ನು ನಾನು ಬಲ್ಲೆ. ಕೆಲವು ವರ್ಷಗಳ ಹಿಂದೆ ಅವರ ಐದನೆಯ ತರಗತಿಯಲ್ಲಿ ಒಂದು ಮಧ್ಯಾಹ್ನ ಕುಳಿತಿದ್ದೆ. ಮಕ್ಕಳೆಲ್ಲ ಬಿಳಿ ಹಾಳೆಯಲ್ಲಿ ಲೋಟ ಮಡಿಸಿ ಮುಗಿಸಿದ್ದರು. 'ಈಗ ನೀವು ಮಾಡಿದ್ದನ್ನು ಪಕ್ಕದವರಿಗೆ ಕೊಡಿ; ಅವರು ಮಾಡಿದ್ದರಲ್ಲಿ ನೀವು ನೀರು ಕುಡೀರಿ' ಎಂದರು. ಒಬ್ಬ ಹುಡುಗ ಎದ್ದು ನಿಂತ.

'ಮಿಸ್, ನಾನು ಇವನ ಲೋಟದಲ್ಲಿ ಕುಡಿಯೋದಿಲ್ಲ.'

'ಯಾಕೋ? ಅವನು ಅದರಲ್ಲಿ ಕುಡಿದಿದ್ದಾನಾ?'

'ಇಲ್ಲ ಮಿಸ್.'

'ಮತ್ತೆ ಏನು ತೊಂದರೆ?'

ಹುಡುಗ ಪಕ್ಕದವನನ್ನು ನೋಡಿದ, ಲೋಟವನ್ನು ನೋಡಿದ, ತಲೆ ತುರಿಸಿದ. ಬಹಳ ಹೊತ್ತಿನ ಮೇಲೆ, 'ಅವನು ಕೈ ತೊಳೆದಿದ್ದಾನಾ ಮಿಸ್?' ಎಂದ.

'ಹಾಂ, ಅದು ಕೇಳಬೇಕಾದ ಪ್ರಶ್ನೆ. ನೀನು ತೊಳೆದಿದ್ದೀಯಾ?'

ಇಬ್ಬರೂ ಒಟ್ಟಿಗೆ ನಲ್ಲಿಯ ಕಡೆಗೆ ಓಡಿದರು. ಅವರ ಹಿಂದೆ ಇಡೀ ತರಗತಿ ಓಡಿತು. ತೊಳೆದ ಕೈಗಳಿಂದ ಹೊಸ ಹಾಳೆ ತೆಗೆದು ಎಲ್ಲರೂ ಇನ್ನೊಮ್ಮೆ ಮಡಿಸಿದರು. ಈ ಸಲ ಲೋಟ ಬದಲಾಯಿಸಿಕೊಂಡು ಕುಡಿಯಲು ಯಾರೂ ತಕರಾರು ಮಾಡಲಿಲ್ಲ. ಆ ತಾಯಿ ಜಾತಿಯ ಸುದ್ದಿಯನ್ನೇ ಎತ್ತಲಿಲ್ಲ, ರೋಗಾಣುವಿನ ಭಾಷಣವನ್ನೂ ಮಾಡಲಿಲ್ಲ. 'ಅವನು ಯಾರು' ಎಂಬ ಪ್ರಶ್ನೆಯನ್ನು 'ಅವನು ಏನು ಮಾಡಿದ್ದಾನೆ' ಎಂಬ ಪ್ರಶ್ನೆಯಾಗಿ ಮಡಿಸಿಬಿಟ್ಟರು.

ಕಾಗದ ಮಡಿಸುವ ಇನ್ನೊಂದು ಆಟದೊಳಗೂ ಆರೋಗ್ಯದ ಇತಿಹಾಸ ಅಡಗಿದೆ. ಚೌಕದ ನಾಲ್ಕು ಮೂಲೆಗಳನ್ನು ನಡುವಿಗೆ ಮಡಿಸಿ, ತಿರುಗಿಸಿ ಮತ್ತೆ ಮಡಿಸಿ, ನಾಲ್ಕು ಬೆರಳು ತೂರಿಸಿ ಕೊಕ್ಕಿನಂತೆ ತೆರೆದು ಮುಚ್ಚುವ ಆಟ ನಮ್ಮ ಮಕ್ಕಳಿಗೂ ಚಿರಪರಿಚಿತ. ಬಣ್ಣ ಹೇಳು, ಸಂಖ್ಯೆ ಹೇಳು, ಭವಿಷ್ಯ ಹೇಳುತ್ತೇನೆ ಎಂದು ಆಡುತ್ತಾರೆ. ಅಮೆರಿಕದ ಮಕ್ಕಳು ಇದನ್ನು ಹೇನು ಹಿಡಿಯುವ ಯಂತ್ರ ಎಂಬರ್ಥದ ಹೆಸರಿನಿಂದಲೂ ಕರೆಯುತ್ತಾರೆ. ಹೇನಿಗೆ ಅವರು ಬಳಸುವ 'ಕೂಟಿ' ಎಂಬ ಮಾತು ಮೊದಲನೆಯ ಮಹಾಯುದ್ಧದ ಕಂದಕಗಳಲ್ಲಿ ಹೇನಿನಿಂದ ನರಳಿದ ಸಿಪಾಯಿಗಳ ಬಾಯಲ್ಲಿ ಹರಡಿದ್ದು. ಬಟ್ಟೆಯ ಹೇನೇ ಟೈಫಸ್ ಜ್ವರವನ್ನು ಹರಡುತ್ತದೆಂದು ಫ್ರಾನ್ಸಿನ ಶಾರ್ಲ್ ನಿಕೋಲ್ ತೋರಿಸಿಕೊಟ್ಟದ್ದು, ಕ್ಯಾನ್ಸಾಸ್ ಲೋಟವನ್ನು ತೆಗೆದುಹಾಕಿದ ಅದೇ 1909ರಲ್ಲಿ. ಅದಕ್ಕಾಗಿ ಅವನಿಗೆ 1928ರಲ್ಲಿ ನೊಬೆಲ್ ಬಹುಮಾನವೂ ಬಂತು. ಈಗ ಉಪಾಧ್ಯಾಯರು ಈ ಆಟಿಕೆಯ ಎಂಟು ಮಡಿಕೆಗಳೊಳಗೆ ಎಂಟು ಪ್ರಶ್ನೆಗಳನ್ನು ಬರೆಸುತ್ತಾರೆ: ಸೀನುವಾಗ ಏನು ಮಾಡಬೇಕು? ರಾಗಿಯಲ್ಲಿ ಏನಿದೆ? ಎಷ್ಟು ಹೊತ್ತು ನಿದ್ದೆ ಬೇಕು? ಭವಿಷ್ಯ ಹೇಳುವ ಆಟ ಆರೋಗ್ಯ ಹೇಳುವ ಆಟವಾಗಿದೆ. ಎರಡಕ್ಕೂ ವ್ಯತ್ಯಾಸ ಅಷ್ಟೇನೂ ಇಲ್ಲವೆಂದರೂ ಸಲ್ಲುತ್ತದೆ.

ಇಲ್ಲೂ ಒಂದು ಎಚ್ಚರ ಬೇಕು. ಅದೇ ಆಟದಲ್ಲಿ ಅಮೆರಿಕದ ಮಕ್ಕಳು ತಮಗೆ ಬೇಡವಾದ ಹುಡುಗನ ತಲೆಯಿಂದ ಇಲ್ಲದ ಹೇನು ಹಿಡಿದು ತೋರಿಸಿ ಅವನನ್ನು ದೂರವಿಡುವುದೂ ಉಂಟು. ಲೋಟದ ಕಥೆಯೇ ಬೇರೆ ವೇಷದಲ್ಲಿ.

ಹಾಗಾದರೆ ಇಲ್ಲದ ಹೇನಿಗೂ ಇರುವ ಹೇನಿಗೂ ವ್ಯತ್ಯಾಸ ಮಗುವಿಗೆ ತಿಳಿಯುವುದು ಹೇಗೆ? ಕಣ್ಣಾರೆ ಕಂಡರೆ. ಅದಕ್ಕೂ ಒಂದು ಮಡಿಕೆ ಒದಗಿಬಂದದ್ದು ಈ ಶತಮಾನದಲ್ಲಿ. ಉತ್ತರ ಪ್ರದೇಶದಲ್ಲಿ ಬೆಳೆದು, ಕಾನ್ಪುರದ ಐಐಟಿಯಲ್ಲಿ ಓದಿ, ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾದ ಮನು ಪ್ರಕಾಶ್, ತಮ್ಮ ಶಿಷ್ಯ ಜಿಮ್ ಸಿಬುಲ್‌ಸ್ಕಿ ಮೊದಲಾದವರೊಡನೆ 2014ರಲ್ಲಿ 'ಫೋಲ್ಡ್‌ಸ್ಕೋಪ್' ಎಂಬ ಕಾಗದದ ಸೂಕ್ಷ್ಮದರ್ಶಕವನ್ನು ಲೋಕದ ಮುಂದಿಟ್ಟರು. ಗೆರೆಗಳನ್ನು ಅಚ್ಚು ಹಾಕಿದ ಒಂದು ಚಪ್ಪಟೆ ಹಾಳೆ, ಸಾಸಿವೆಗಿಂತ ದೊಡ್ಡದಲ್ಲದ ಒಂದು ಮಸೂರ. ಹತ್ತು ನಿಮಿಷ ಮಡಿಸಿದರೆ ಉಪಕರಣ ಸಿದ್ಧ. ಅದರ ಸಾಮಗ್ರಿಯ ವೆಚ್ಚ ಒಂದು ಡಾಲರಿಗಿಂತ ಕಡಿಮೆ ಎಂದು ಅವರು ಲೆಕ್ಕ ಕೊಟ್ಟರು. ಶಾಲೆಗಳಿಗೆ ಹೋಗುವ ಮಾದರಿ ವಸ್ತುವನ್ನು ಸುಮಾರು 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಲೋಕದಾದ್ಯಂತ ಹತ್ತು ಲಕ್ಷಕ್ಕೂ ಮೀರಿ ಇವು ಹಂಚಿಹೋಗಿವೆ. ನಮ್ಮ ಕೇಂದ್ರ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಶಾಲಾಕಾಲೇಜುಗಳಲ್ಲಿ ಇದರ ಬಳಕೆಗೆ ನೆರವು ಕೊಟ್ಟಿತು.

ಕೆರೆಯ ನೀರಿನ ಒಂದು ಹನಿಯನ್ನು ಇದರಲ್ಲಿ ನೋಡಿದ ಮಗುವಿಗೆ, ನೀರು ಕಾಯಿಸಿ ಕುಡಿ ಎಂದು ಹತ್ತು ಸಲ ಹೇಳಬೇಕಾಗಿಲ್ಲ. ತಲೆಯ ಹೇನಿನ ಕಾಲಿನ ಕೊಂಡಿಯನ್ನು ನೋಡಿದವಳು ಬಾಚಣಿಗೆಯನ್ನು ತಾನೇ ಹುಡುಕುತ್ತಾಳೆ. ಡೇವಿಸನ್ 1908ರಲ್ಲಿ ಪ್ರಯೋಗಶಾಲೆಯಲ್ಲಿ ಕಂಡು ಪತ್ರಿಕೆಯಲ್ಲಿ ಬರೆದು ಹೆದರಿಸಬೇಕಾದ ಸೂಕ್ಷ್ಮಲೋಕದ ಒಂದು ಪಾಲನ್ನು ಈಗ ಹಳ್ಳಿಯ ಹುಡುಗಿ ತಾನು ಮಡಿಸಿದ ಕಾಗದದೊಳಗಿಂದ ಕಾಣಬಲ್ಲಳು. ಹೀಗೆ ಕಂಡವರಿಗೆ ಅತಿಭಯವೂ ಇಲ್ಲ, ಅಸಡ್ಡೆಯೂ ಇಲ್ಲ.

ಮಡಿಕೆಯನ್ನು ಹೊಗಳುವ ಭರದಲ್ಲಿ ಅದು ಮಾಡಲಾರದ್ದನ್ನು ಮರೆಯಬಾರದು. ಹಿರೋಶಿಮಾದ ಸದಾಕೊ ಸಸಾಕಿ ಎಂಬ ಬಾಲಕಿ ಅಣುಬಾಂಬು ಬಿದ್ದಾಗ ಎರಡು ವರ್ಷದ ಕೂಸು. 1955ರಲ್ಲಿ ರಕ್ತದ ಕ್ಯಾನ್ಸರಿನಿಂದ ಆಸ್ಪತ್ರೆ ಸೇರಿದಳು. ಸಾವಿರ ಕೊಕ್ಕರೆ ಮಡಿಸಿದರೆ ಹಾರೈಕೆ ಕೈಗೂಡುತ್ತದೆ ಎಂಬುದು ಜಪಾನಿನ ನಂಬಿಕೆ. ಅವಳು ಸಿಕ್ಕ ಕಾಗದವನ್ನೆಲ್ಲ, ಔಷಧ ಸುತ್ತಿ ಬಂದ ಕಾಗದವನ್ನು ಕೂಡ ಮಡಿಸಿದಳು. ಸಾವಿರ ದಾಟಿತು. ರೋಗ ಬಿಡಲಿಲ್ಲ. ಅಕ್ಟೋಬರ್ 25ರಂದು, ಹನ್ನೆರಡು ವರ್ಷಕ್ಕೆ, ತೀರಿಕೊಂಡಳು. ಅವಳ ಸಹಪಾಠಿಗಳು ಊರೂರಿನ ಮಕ್ಕಳಿಂದ ಹಣ ಕೂಡಿಸಿದ್ದರಿಂದ 1958ರಲ್ಲಿ ಹಿರೋಶಿಮಾದಲ್ಲಿ ಮಕ್ಕಳ ಶಾಂತಿಸ್ಮಾರಕ ಎದ್ದಿತು. ಕಾಗದದ ಹಕ್ಕಿ ಅವಳನ್ನು ಗುಣಪಡಿಸಲಿಲ್ಲ. ಆದರೆ ಹಾಸಿಗೆಯ ಮೇಲಿನ ಆ ದಿನಗಳಲ್ಲಿ ಅವಳ ಕೈಗೆ ಕೆಲಸವಾಯಿತು, ಮನಸ್ಸಿಗೆ ಒಂದು ನಾಳೆಯಾಯಿತು. ರೋಗಿಯ ಪಾಲಿಗೆ ಇದೂ ಚಿಕ್ಕ ಉಪಕಾರವಲ್ಲ. ಔಷಧದ ಜಾಗದಲ್ಲಿ ಅದನ್ನಿಟ್ಟರೆ ಮಾತ್ರ ಅದು ಮೋಸ.

ಕೊನೆಗೊಂದು ಲೌಕಿಕದ ಮಾತು. ಇದನ್ನು ಓದಿ ಉತ್ಸಾಹಗೊಂಡವರು ಕೈಯಲ್ಲಿರುವ ಈ ಪತ್ರಿಕೆಯ ಹಾಳೆಯನ್ನೇ ಮಡಿಸಿ ನೀರು ಕುಡಿಯಲು ಹೊರಡಬಾರದು. ಅಚ್ಚಿನ ಮಸಿಯಲ್ಲಿರುವ ದ್ರವ್ಯಗಳು ತಿನ್ನುವ ಪದಾರ್ಥಕ್ಕೆ ಇಳಿಯುತ್ತವೆಂದು ಆಹಾರ ಸುರಕ್ಷತೆಯ ಕೇಂದ್ರ ಪ್ರಾಧಿಕಾರ 2016ರಲ್ಲಿ ಎಚ್ಚರಿಸಿತು. 2018ರ ನಿಯಮಗಳು ಆಹಾರವನ್ನು ವೃತ್ತಪತ್ರಿಕೆಯಲ್ಲಿ ಕಟ್ಟಿಕೊಡುವುದನ್ನು ನಿಷೇಧಿಸಿದವು. ಬೋಂಡ, ಚುರುಮುರಿಗಳ ಪೊಟ್ಟಣ ಕಟ್ಟಿ ಬದುಕಿದ ಹಳೆಯ ಪತ್ರಿಕೆಗಳಿಗೆ ಇದು ನಿವೃತ್ತಿಯ ಆಜ್ಞೆ. ಪತ್ರಿಕೆಯಲ್ಲಿ ಬರೆಯುವವನಾಗಿ ನನಗೆ ಇದರಿಂದ ಕೊಂಚ ವ್ಯಸನವೇ. ನಮ್ಮ ಬರಹಕ್ಕೆ ಮರುಜನ್ಮ ಸಿಗುತ್ತಿದ್ದುದು ಅಲ್ಲಿಯೇ. ಅಚ್ಚಿಲ್ಲದ ಶುಭ್ರ ಹಾಳೆಯಿದ್ದರೆ ಸರಿ. ಅದೂ ಇಲ್ಲದಿದ್ದರೆ ತೊಳೆದ ಬಾಳೆಲೆಯ ತುಂಡು ಸಾಕು. ದೊನ್ನೆಯ ವಿದ್ಯೆ ಯಾವ ಯಂತ್ರಕ್ಕೂ ಒಂದು ಸೆಂಟನ್ನೂ ಕೊಡಬೇಕಾದುದಲ್ಲ.

ಇಂದು ಪಟ್ಟಣದ ಮಕ್ಕಳ ಚೀಲದಲ್ಲಿ ತಮ್ಮದೇ ನೀರಿನ ಸೀಸೆ ಇರುತ್ತದೆ. ಲೋಟ ಮಡಿಸುವ ಅಗತ್ಯ ಅವರಿಗೆ ಇಲ್ಲವೆಂದೇ ಹೇಳಬಹುದು. ಆದರೂ ಒಂದು ಸಲವಾದರೂ ಅವರು ಅದನ್ನು ಮಡಿಸಲಿ, ಮಡಿಸಿದ್ದನ್ನು ಪಕ್ಕದವರ ಕೈಗೆ ಕೊಡಲಿ ಎಂದು ನನ್ನ ಆಸೆ. ಕೊಂಡು ತಂದ ಸೀಸೆ 'ಇದು ನನ್ನದು' ಎನ್ನುವುದನ್ನಷ್ಟೇ ಕಲಿಸುತ್ತದೆ. ಮಡಿಸಿದ ಲೋಟ ಇನ್ನೂ ಒಂದು ಮಾತು ಕಲಿಸುತ್ತದೆ: ನಿನ್ನ ಆರೋಗ್ಯ ನಿನ್ನ ಕೈಯಲ್ಲಿದೆ, ಪಕ್ಕದವನದೂ ನಿನ್ನ ಕೈಯಲ್ಲಿದೆ, ಆದ್ದರಿಂದ ಕೈ ತೊಳೆ. ನಮ್ಮ ಹಳೆಯ ಮಡಿ, ಮುಟ್ಟದೆ ಇರುವುದರಿಂದ ಶುಚಿಯಾಗುತ್ತಿತ್ತು. ಈ ಮಡಿಕೆಗೆ ಶುಚಿ ಬರುವುದು ಇನ್ನೊಬ್ಬರಿಗೆ ನೀಡುವುದರಿಂದ.